ಐದಡಿಯ ಅಡ್ಡಪಟ್ಟಿ

ಭೀಮಪ್ಪ ನಲವತ್ತು ವರ್ಷ ದಡ್ಡನಾಗಿಯೇ ಸುಖವಾಗಿದ್ದ. ಅವನು ಬುದ್ಧಿವಂತನಾದದ್ದು ಒಂದೇ ಒಂದು ತಿಂಗಳು. ಆ ಒಂದು ತಿಂಗಳಲ್ಲಿ ಹೆತ್ತ ಮಗನನ್ನು ನುಂಗಿ ನೀರು ಕುಡಿದ. ಈ ಮಾತು ಹೇಳಿದರೆ ನಮ್ಮ ಯಜಮಾನರು, 'ನಿನ್ನ ನಾಲಿಗೆ ಉದ್ದವಾಯಿತು ಅನಸೂಯಾ' ಎನ್ನುತ್ತಾರೆ. ಆಗಲಿ. ಆ ಹುಡುಗನ ಎತ್ತರಕ್ಕೆ ಆದದ್ದು ನನ್ನ ನಾಲಿಗೆಗೆ ಆಗದಿದ್ದರೆ ಸಾಕು.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ. ಅಜನಿಯ ರೈಲ್ವೆ ಕಾಲನಿಯಲ್ಲಿ ನಮ್ಮ ಮನೆಗೂ ಭೀಮಪ್ಪನ ಮನೆಗೂ ನಡುವೆ ಒಂದೇ ಗೋಡೆ. ನಮ್ಮವರು ಗೂಡ್ಸ್ ಗಾಡಿಯ ಗಾರ್ಡು. ಮನೆಯಲ್ಲಿ ಇದ್ದ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು. ಹಾಗಾಗಿ ಪಕ್ಕದ ಮನೆಯ ಸುಖದುಃಖವೇ ನನಗೆ ಹೊತ್ತು ಕಳೆಯುವ ದಾರಿ. ಭೀಮಪ್ಪ ಗದಗಿನ ಕಡೆಯವನು, ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಆರಡಿಯ ಆಳು. ತಲೆ ತಗ್ಗಿಸದೆ ಕ್ವಾರ್ಟರ್ಸಿನ ಬಾಗಿಲು ದಾಟಲಾರ. ಹೆಂಡತಿ ಲಕ್ಷ್ಮವ್ವ ಅವನ ಭುಜಕ್ಕೂ ಬರುತ್ತಿರಲಿಲ್ಲ. ಒಬ್ಬನೇ ಮಗ ಪಾಂಡುರಂಗ, ಎಲ್ಲರ ಬಾಯಲ್ಲಿ ಪಾಂಡ್ಯಾ. ಹೈಸ್ಕೂಲಿನಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದ.

ಪಾಂಡ್ಯಾನ ಕೈಗಳನ್ನು ನೀವು ನೋಡಬೇಕಿತ್ತು. ಮೈ ಇನ್ನೂ ಹುಡುಗನದು, ಕೈ ಮಾತ್ರ ಅಪ್ಪನದು. ಒಂದು ಸಲ ಅವರ ಮನೆಯಲ್ಲಿ ನಾನು ಕೂತಿದ್ದಾಗ ಗೋಡೆಯ ಮಾಡದಿಂದ ಉಪ್ಪಿನಕಾಯಿ ಭರಣಿ ಜಾರಿತು. ಹುಡುಗ ಆ ಕಡೆ ಬೆನ್ನು ಮಾಡಿ ರೊಟ್ಟಿ ತಿನ್ನುತ್ತಿದ್ದವನು, ಎಡಗೈ ಹಿಂದಕ್ಕೆ ಚಾಚಿ ಭರಣಿಯನ್ನು ಹಿಡಿದು ನೆಲದ ಮೇಲಿಟ್ಟ. ಬಲಗೈ ತುತ್ತು ಬಿಡಲಿಲ್ಲ. ಶಾಲೆಯ ಫುಟ್ಬಾಲ್ ತಂಡಕ್ಕೆ ಗೋಲು ಕಾಯುವ ಗೋಲಿ ಅವನೇ. ಅವನು ನಿಂತ ಗೋಲಿನೊಳಗೆ ಚೆಂಡು ಹೋಗುವುದೆಂದರೆ ಮಾರ್ವಾಡಿಯ ಪೆಟ್ಟಿಗೆಯಿಂದ ರೊಕ್ಕ ಹೊರಬಂದಷ್ಟೇ ಅಪರೂಪ ಎಂದು ಕಾಲನಿಯ ಹುಡುಗರು ಹೇಳುತ್ತಿದ್ದರು.

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಊರಿನ, ಸುತ್ತಲಿನ ಹೈಸ್ಕೂಲುಗಳ ನಡುವೆ ಐದಡಿಯ ಫುಟ್ಬಾಲ್ ಪಂದ್ಯ ನಡೆಯುತ್ತಿತ್ತು. ವಯಸ್ಸಿನ ಮಾತನ್ನು ಯಾರೂ ನಂಬದ ಕಾಲ. ಮೀಸೆ ಬಂದವನೂ ಹದಿಮೂರು ಎನ್ನುತ್ತಿದ್ದ. ಅದಕ್ಕೇ ಪಂದ್ಯದ ಪಂಚರು ವಯಸ್ಸನ್ನು ಬಿಟ್ಟು ಎತ್ತರವನ್ನು ಹಿಡಿದರು. ಮೈದಾನದ ಅಂಚಿನಲ್ಲಿ ಎರಡು ಕಂಬ ನೆಟ್ಟು, ನೆಲದಿಂದ ಐದಡಿಗೆ ಸರಿಯಾಗಿ ಒಂದು ಅಡ್ಡಪಟ್ಟಿ ಹೊಡೆಯುತ್ತಿದ್ದರು. ಆಟಕ್ಕೆ ಮುಂಚೆ ಪ್ರತಿ ಹುಡುಗನೂ ಬರಿಗಾಲಲ್ಲಿ, ನೆಟ್ಟಗೆ ನಿಂತು, ಅದರ ಕೆಳಗೆ ಹಾಯಬೇಕು. ತಲೆ ತಾಗಿದರೆ ಅವನಿಗೆ ಆಟವಿಲ್ಲ.

ಈ ಪಂದ್ಯ ಹತ್ತಿರ ಬಂದಾಗ ಮುಂಬಯಿಯಿಂದ ಸಾಲ್ವಿ ಸಾಹೇಬರು ಬಂದರು. ಅಲ್ಲಿಯ ಒಂದು ದೊಡ್ಡ ಮಿಲ್ಲಿನ ತಂಡಕ್ಕೆ ಹುಡುಗರನ್ನು ಹುಡುಕುವುದೇ ಅವರ ಕೆಲಸ. ಆ ವರ್ಷ ಅವರಿಗೆ ಬೇಕಾಗಿದ್ದವನು ಒಬ್ಬನೇ ಒಬ್ಬ ಗೋಲಿ. ಆರಿಸಿದ ಹುಡುಗನಿಗೆ ಮುಂಬಯಿಯಲ್ಲಿ ಊಟ, ವಸತಿ, ಮೆಟ್ರಿಕ್ ತನಕ ಓದು, ಆಮೇಲೆ ಮಿಲ್ಲಿನಲ್ಲೇ ಕೆಲಸ. ಶಾಲೆಯ ಡ್ರಿಲ್ ಮಾಸ್ತರರಾದ ವ್ಯಾಸರಾಜರು ಈ ಸುದ್ದಿ ತಂದ ದಿನ ಪಾಂಡ್ಯಾ ಉಣ್ಣಲಿಲ್ಲ, ಅವರಪ್ಪನೂ ಉಣ್ಣಲಿಲ್ಲ. ಭೀಮಪ್ಪನ ಎದೆಯಲ್ಲಿ ಕಲ್ಲಿದ್ದಲ ಹೊಗೆ ಕೂತು ವರ್ಷಗಳಾಗಿದ್ದವು. ಕೆಮ್ಮಿದಾಗೆಲ್ಲ ಅವನು, 'ನನ್ನ ಮಗ ಶೆಡ್ಡಿಗೆ ಕಾಲಿಡಬಾರದು' ಎನ್ನುತ್ತಿದ್ದ. ಆ ಆಸೆ ಸುಳ್ಳಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಸಾಹೇಬರು ಪಾಂಡ್ಯಾನನ್ನು ನೋಡಿದ್ದು ನಮ್ಮ ಮನೆಗಳ ಮುಂದಿನ ಬಯಲಿನಲ್ಲೇ. ನಾನು, ಲಕ್ಷ್ಮವ್ವ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದೆವು. ಸಾಹೇಬರು ಸಣ್ಣ ಆಳು, ಕೈಯಲ್ಲಿ ಸಂತ್ರಾ, ಅಂದರೆ ನಾಗಪುರದ ಕಿತ್ತಳೆ, ತುಂಬಿದ ಚೀಲ. ಹುಡುಗನಿಗೆ ಗೋಲು ಕಾಯಲು ಹೇಳಲೇ ಇಲ್ಲ. 'ಊರು ಯಾವುದು, ತಾಯಿ ಏನು ಅಡುಗೆ ಮಾಡುತ್ತಾಳೆ' ಎಂದು ಮರಾಠಿಯಲ್ಲಿ ಹರಟುತ್ತಲೇ ಇದ್ದಕ್ಕಿದ್ದಂತೆ ಒಂದು ಸಂತ್ರಾ ಅವನ ಕಿವಿಯ ಪಕ್ಕಕ್ಕೆ ಎಸೆದರು. ಹಿಡಿದ. ಎರಡು ಕೈಯಿಂದ ಎರಡನ್ನು ಒಟ್ಟಿಗೆ ಎಸೆದರು. ಎರಡನ್ನೂ ಹಿಡಿದ. ಒಂದನ್ನು ತಲೆಯ ಮೇಲೆ ಎತ್ತರಕ್ಕೆ ಹಾರಿಸಿದರು. ಹಾರಿ ಬೆರಳ ತುದಿಯಲ್ಲಿ ಕಿತ್ತುಕೊಂಡ, ಮರದಿಂದ ಕಿತ್ತ ಹಾಗೆ. ಸಾಹೇಬರು ಅವನ ಅಂಗೈಯನ್ನು ತಮ್ಮ ಅಂಗೈಗೆ ಹಚ್ಚಿ ನೋಡಿದರು. ಪಾದ ನೋಡಿದರು, ಮೊಣಕಾಲ ಚಿಪ್ಪು ಒತ್ತಿ ನೋಡಿದರು. ಆಮೇಲೆ ಬೇವಿನ ಬುಡದಲ್ಲಿ ಕೂತಿದ್ದ ಭೀಮಪ್ಪನ ಕಡೆ ತಿರುಗಿ, 'ಸ್ವಲ್ಪ ಎದ್ದು ನಿಲ್ಲಿ' ಎಂದರು.

ಭೀಮಪ್ಪ ಎದ್ದ. ಫೋರಮನ್ ಮುಂದೆ ನಿಲ್ಲುವ ಹಾಗೆ ಬೆನ್ನು ಬಗ್ಗಿಸಿ, ಕೈಕಟ್ಟಿ ನಿಂತ. ಸಾಹೇಬರು ನಕ್ಕು, 'ನೆಟ್ಟಗೆ ನಿಲ್ಲಿ' ಎಂದರು. ಅವನು ಇನ್ನಷ್ಟು ಬಗ್ಗಿದ. ಆದರೂ ಆರಡಿಯ ಮೈ ಎಲ್ಲಿ ಅಡಗೀತು? ಸಾಹೇಬರು ಅವನನ್ನು ಮೇಲಿಂದ ಕೆಳಗಿನ ತನಕ ನೋಡಿ ತಲೆ ಆಡಿಸಿದರು. 'ಅಳತೆಯ ದಿನ ನಾನು ಅಡ್ಡಪಟ್ಟಿಯ ಹತ್ತಿರವೇ ಇರುತ್ತೇನೆ. ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಬನ್ನಿ' ಎಂದು ಮಾಸ್ತರರಿಗೆ ಹೇಳಿ ಟಾಂಗಾ ಹತ್ತಿದರು.

ಅಷ್ಟೇ ಮಾತು. ಅದರ ಅರ್ಥವನ್ನು ಬಿಡಿಸಿದವರು ವ್ಯಾಸರಾಜ ಮಾಸ್ತರರು. ಧಾರವಾಡದವರು, ಕೊರಳಲ್ಲಿ ಸೀಟಿ, ಬಾಯಲ್ಲಿ ಶ್ಲೋಕ. ಅವರು ಚೆಂಡು ಒದ್ದದ್ದನ್ನು ಕಂಡವರು ನಾಗಪುರದಲ್ಲಿ ಯಾರೂ ಇಲ್ಲ. ಅವತ್ತು ಭೀಮಪ್ಪನ ಅಂಗಳದ ಹೊರಸಿನ ಮೇಲೆ ಕೂತು ಬೆರಳೆತ್ತಿ ಹೇಳಿದರು.

"ಭೀಮಪ್ಪಾ, ಸಾಹೇಬ್ರು ನಿನ್ನ ಎತ್ತರಾನ ಯಾಕ ನೋಡಿದ್ರು ತಿಳೀತೇನು? ಅಪ್ಪ ಇಷ್ಟು ಉದ್ದ ಇದ್ದಾನ, ಮಗ ಪಟ್ಟಿ ಕೆಳಗ ಹಾಯ್ತಾನೋ ಇಲ್ಲೋ ಅಂತ ಅವರಿಗೆ ಸಂಶಯ ಅದ. ಅದಕ್ಕ ಅಳತಿ ಹೊತ್ತಿಗೆ ತಾವೇ ಬಂದು ನಿಂದರ್ತೀನಿ ಅಂದ್ರು. ಅವರ ಕಣ್ಮುಂದ ಇವಾ ಹೊರಗ ಬಿದ್ದಾ ಅಂದ್ರ ಮುಗೀತು. ಮುಂಬೈ ಇಲ್ಲ, ಮಿಲ್ಲೂ ಇಲ್ಲ."

"ಹೌದ್ರೀ ಮಾಸ್ತರ, ಬರೋಬರ್ ಐತಿ," ಎಂದ ಭೀಮಪ್ಪ. "ಅದಕ್ಕ ನಾ ಬಗ್ಗಿ ನಿಂತಿದ್ದೆ."

ಹುಡುಗನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಮಾಸ್ತರರು ಟೇಪು ಹಿಡಿದರು. ಐದಡಿಯ ಮೇಲೆ ಒಂದು ಬೆರಳು.

"ಒಂದು ಬೆರಳು ಏನು ಮಹಾ," ಎಂದರು ಮಾಸ್ತರರು. "ಇಳಸೋಣಂತ."

ಒಲೆಯ ಮೇಲಿನ ಪಾತ್ರೆ ಇಳಿಸುವ ಹಾಗೆ ಹೇಳಿದರು. ಅವರೇ ಉಪಾಯವನ್ನೂ ಕಂಡುಹಿಡಿದರು. "ಸ್ಟೇಷನ್ನಿನ ಹಮಾಲರನ್ನ ನೋಡು. ಒಬ್ಬರಾದ್ರೂ ಉದ್ದ ಇದ್ದಾರೇನು? ಭಾರ ಹೊತ್ತು ಹೊತ್ತು ಎಲುಬು ಕುಗ್ತಾವ." ಹಮಾಲರು ಗಿಡ್ಡಗಿರುವುದು ಹೊಟ್ಟೆಗಿಲ್ಲದೆ ಎಂದು ಯಾರಿಗೂ ಹೊಳೆಯಲಿಲ್ಲ. ಆದರೆ ಹೊಟ್ಟೆಗೆ ಕಡಿಮೆ ಮಾಡುವುದನ್ನೂ ಅವರು ಬಿಡಲಿಲ್ಲ. ಮರುದಿನದಿಂದ ಪಾಂಡ್ಯಾನಿಗೆ ಹಾಲು ಬಂದ್. ರೊಟ್ಟಿ ಹೊತ್ತಿಗೊಂದು. "ಉಂಡದ್ದೆಲ್ಲಾ ಎಲುಬಿಗೆ ಹೋಗತೈತಿ," ಎಂದು ಭೀಮಪ್ಪ ತಾನೇ ತಾಟಿನ ಮುಂದೆ ಕಾವಲು ಕೂತ.

ಶಾಲೆಯಿಂದ ಬಂದವನೇ ಹುಡುಗ ಅರ್ಧ ಚೀಲ ಜೋಳ ತಲೆಯ ಮೇಲಿಟ್ಟುಕೊಂಡು ಬಯಲು ಸುತ್ತಬೇಕು. ಮಲಗುವಾಗ ಮೈ ಚಾಚಿದರೆ ಬೆಳೆಯುತ್ತಾನೆಂದು ಮೊಣಕಾಲನ್ನು ಎದೆಗೆ ಮಡಿಸಿ ಹಳೆಯ ಸೀರೆಯ ಪಟ್ಟಿಯಿಂದ ಕಟ್ಟುತ್ತಿದ್ದರು. ಕಟ್ಟುವ ಕೆಲಸ ಲಕ್ಷ್ಮವ್ವನದು. ಕಟ್ಟಿ ಬಂದು ನಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅಳುತ್ತಿದ್ದಳು. ಸಡಿಲ ಕಟ್ಟಿದರೆ ಗಂಡ ಬಿಚ್ಚಿ ತಾನೇ ಬಿಗಿಯುತ್ತಾನೆ, ಅದಕ್ಕಿಂತ ತನ್ನ ಕೈಯೇ ವಾಸಿ ಎನ್ನುತ್ತಿದ್ದಳು.

ಒಂದು ಸಂಜೆ ಹುಡುಗ ಚೀಲವನ್ನು ನೀರಿನ ಟಾಕಿಯ ಹಿಂದೆ ಇಳಿಸಿ ಕಣ್ಣು ಮುಚ್ಚಿ ಕೂತಿದ್ದ. ಭೀಮಪ್ಪ ಕಂಡ. ಸೊಂಟದ ಚರ್ಮದ ಪಟ್ಟಿ ಬಿಚ್ಚಿ ಅಲ್ಲೇ ಬಾರಿಸಿದ. ಇಡೀ ಕಾಲನಿ ನೋಡಿತು. ಹೊಡೆಯುತ್ತ ತಾನೂ ಅಳುತ್ತಿದ್ದ, "ನಿನ್ನ ಸಲುವಾಗೇ ಅಲ್ಲೇನೋ ಮಗನ, ನಿನ್ನ ಸಲುವಾಗೇ," ಎಂದು. ಅಳುತ್ತ ಹೊಡೆದರೆ ಏಟು ಹಗುರವಾಗುತ್ತದೆಯೇ? ನನಗೆ ತಡೆಯಲಾಗಲಿಲ್ಲ. ನಡುವೆ ಹೋಗಿ ನಿಂತೆ.

"ಭೀಮಪ್ಪಣ್ಣಾ, ಹುಡುಗನ ಕುತಿಗಿ ಮುರದೀತು. ಸಾಕು ಬಿಡ್ರಿ."

"ಅಕ್ಕಾರ, ನಿಮಗ ಫುಟ್ಬಾಲ್ ತಿಳೀತೈತೇನ್ರಿ?"

"ಫುಟ್ಬಾಲ್ ತಿಳಿಯಂಗಿಲ್ಲ. ಕುತಿಗಿ ತಿಳೀತೈತಿ."

"ನಿಮ್ಮ ಮನ್ಯಾಗಿನ ಕುತಿಗಿ ನೋಡ್ಕೋರಿ," ಎಂದ. ಹಿಂದೆ ಎಂದೂ ನನಗೆ ಎದುರು ಮಾತಾಡಿದವನಲ್ಲ.

ಇಷ್ಟಾದರೂ ಹುಡುಗ ಅಪ್ಪನನ್ನು ಬೈಯಲಿಲ್ಲ, ಓಡಿ ಹೋಗಲಿಲ್ಲ. ಅವನಿಗೂ ಮುಂಬಯಿ ಬೇಕಿತ್ತು. ದಿನಾ ಚೀಲ ಇಳಿಸಿದ ಮೇಲೆ ತಾನಾಗಿಯೇ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. "ಅಪ್ಪಾ, ಇಳದೆನೇನು?" ಎಂದು ಕೇಳುತ್ತಿದ್ದ. ಗೋಡೆಯ ಈ ಕಡೆ ನನಗೆ ಕೇಳುತ್ತಿತ್ತು. ಹೆತ್ತವರು 'ನಮ್ಮ ಮಗ ಬೆಳೆದ' ಎಂದು ಸಕ್ಕರೆ ಹಂಚುತ್ತಾರೆ. ಆ ಮನೆಯಲ್ಲಿ ಮಗ ಕೂದಲೆಳೆಯಷ್ಟು ಕುಗ್ಗಿದ ದಿನ ಭೀಮಪ್ಪ ಪೇಢೆ ತಂದ. ಮಗನಿಗೆ ಕೊಡಲಿಲ್ಲ, ಮಾಸ್ತರರಿಗೆ ಕೊಟ್ಟ.

ಕುಗ್ಗಿದ್ದಾದರೂ ಸಾಲಲಿಲ್ಲ. ಅಳತೆಯ ಹಿಂದಿನ ದಿನವೂ ಟೇಪಿಗೆ ಒಂದಿಷ್ಟು ಹೆಚ್ಚೇ ಬಂತು. ಮಾಸ್ತರರು ಹುಡುಗನ ತಲೆಗೂದಲನ್ನು ಹಿಚುಕಿ ನೋಡಿ, "ಇಷ್ಟೂ ಕೂದಲದ್ದೇ ಅದ. ಬೋಳಿಸಿಬಿಡು," ಎಂದರು.

ಅವತ್ತು ಮಾತ್ರ ಲಕ್ಷ್ಮವ್ವ ಸಿಡಿದಳು. "ಅಪ್ಪ ಜೀವಂತ ಇರೂಮುಂದ ಮಗನ ತಲಿ ಬೋಳಿಸ್ತಾರೇನ್ರಿ? ನನ್ನ ಕುಂಕುಮ ಐತ್ರಿ ಇನ್ನಾ!" ಎಂದು ಬಾಗಿಲಿಗೆ ಅಡ್ಡ ನಿಂತಳು. ನಮ್ಮ ಕಡೆ ಮಗ ಹೀಗೆ ತಲೆ ಬೋಳಿಸುವುದು ಹೆತ್ತವರು ಸತ್ತಾಗ ಮಾತ್ರ. ಅದು ಮಾಸ್ತರರಿಗೆ ಗೊತ್ತಿಲ್ಲದ ಶಾಸ್ತ್ರವೇ? ಆದರೆ ಶಾಸ್ತ್ರ ಓದಿದವರಿಗೆ ಅದರ ಸಂದುಗಳೂ ಗೊತ್ತಿರುತ್ತವೆ. "ತಿಮ್ಮಪ್ಪನ ಹರಕಿ ಅಂತ ಹೇಳಿದ್ರಾತು. ದೇವರ ಹೆಸರಲೆ ತಗದ್ರ ದೋಷ ಇಲ್ಲ," ಎಂದರು. ಬೇಡದ ಹರಕೆಗೆ ದೇವರನ್ನು ಸಾಕ್ಷಿ ಮಾಡಿ ನಾವಿಯನ್ನು ಕರೆಸಿದರು. ಅವನು ಕತ್ತಿ ಮಸೆಯುತ್ತ, 'ಯಾರು ತೀರಿಕೊಂಡರು' ಎಂದು ಮೆಲ್ಲಗೆ ನನ್ನನ್ನು ಕೇಳಿದ. ಹೊರಸಿನ ಮೇಲೆ ಚಹಾ ಕುಡಿಯುತ್ತಿದ್ದ ಭೀಮಪ್ಪನನ್ನು ನಾನು ತೋರಿಸಲಿಲ್ಲ, ಪುಣ್ಯ.

ಅಳತೆಯ ದಿನ ಬೆಳಗಿನಿಂದ ಹುಡುಗನ ತಲೆಯಿಂದ ಚೀಲ ಇಳಿಯಲಿಲ್ಲ. ಅಜನಿಯ ಸೇತುವೆಯ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಊಟವಿಲ್ಲ. ಮಧ್ಯಾಹ್ನ ಅದೇ ಚೀಲ ಹೊತ್ತು ಮೈದಾನದ ತನಕ ನಡೆದ. ಮುಂದೆ ಸೈಕಲ್ ಮೇಲೆ ಮಾಸ್ತರರು ಗಂಟೆ ಬಾರಿಸುತ್ತ, ಹಿಂದೆ ಜರಿಯ ಅಂಚಿನ ರುಮಾಲು ಸುತ್ತಿದ ಭೀಮಪ್ಪ, ಅವನ ಹಿಂದೆ ಲಕ್ಷ್ಮವ್ವ ಮತ್ತು ನಾನು. ಬೋಳುತಲೆಯ ಮೇಲೆ ಚೀಲದ ನಾರು ಉಜ್ಜಿ ರಕ್ತ ಜಿನುಗುತ್ತಿತ್ತು. ದಾರಿಯವರು ಬದಿಗೆ ಸರಿದು ನಿಂತು ಕೈಮುಗಿದರು. ಯಾವುದೋ ಹರಕೆಯ ಮೆರವಣಿಗೆ ಎಂದುಕೊಂಡಿರಬೇಕು.

ಅಡ್ಡಪಟ್ಟಿಯ ಹತ್ತಿರ ಸಾಲ್ವಿ ಸಾಹೇಬರು ಹೇಳಿದ ಹಾಗೆ ನಿಂತಿದ್ದರು, ಕೈಯಲ್ಲಿ ಅದೇ ಸಂತ್ರಾ ಚೀಲ. ಸಾಲಿನಲ್ಲಿ ನಮ್ಮವರ ಮುಂದೆ ಪಕ್ಕದೂರು ಕಾಮಠಿಯ ಶಾಲೆಯ ಹುಡುಗರು. ಅವರ ಗೋಲಿ ಒಬ್ಬ ಬಿದಿರ ಗಳುವಿನಂಥ ಉದ್ದನೆಯ ಹುಡುಗ. ಪಟ್ಟಿ ಅವನ ಹಣೆಗೇ ಬಡಿಯಿತು. ಪಂಚರು ಹೊರಗೆ ಹೋಗೆಂದರು. ಅವನು ಮುಖ ಮುಚ್ಚಿ ಅಳತೊಡಗಿದ. ಸಾಹೇಬರು ಹೋಗಿ ಅವನ ಹೆಗಲ ಮೇಲೆ ಕೈ ಹಾಕಿ, ಒಂದು ಸಂತ್ರಾ ಕೊಟ್ಟು, ಆಚೆ ಕರೆದುಕೊಂಡು ಹೋಗಿ ನಿಲ್ಲಿಸಿ ಮರಳಿ ಬಂದರು.

"ಪಾಪ, ಸಾಹೇಬ್ರು ಸಮಾಧಾನ ಮಾಡ್ಲಿಕ್ಕತ್ತಾರ," ಎಂದು ಮಾಸ್ತರರು ನಕ್ಕರು.

ಪಾಂಡ್ಯಾನ ಸರದಿ ಬಂತು. ಕಂಬದ ಬುಡದಲ್ಲಿ ಚೀಲ ಇಳಿಸಿ, ನೆಟ್ಟಗೆ ನಿಂತು ಹೆಜ್ಜೆ ಹಾಕಿದ. ತಲೆಗೂ ಪಟ್ಟಿಗೂ ನಡುವೆ ಒಂದು ಕಾಗದ ತೂರುವಷ್ಟು ಜಾಗ. ತಾಗಲಿಲ್ಲ. ಪಂಚರು 'ಪಾಸ್' ಎಂದರು. ಭೀಮಪ್ಪ ಮಾಸ್ತರರ ಕಾಲಿಗೇ ಬಿದ್ದುಬಿಟ್ಟ. ಸಾಹೇಬರು ಆ ಬೋಳುತಲೆಯ ಹುಡುಗನನ್ನು ಒಂದು ಗಳಿಗೆ ನೋಡಿ, ಅವನ ಹಿಂದೆ ಸಾಲಿನಲ್ಲಿ ಮತ್ಯಾರನ್ನೋ ಹುಡುಕುವಂತೆ ಕತ್ತು ಚಾಚಿದರು. ಸಾಲು ಮುಗಿಯುವ ತನಕ ಕಾದು, ವಾಚು ನೋಡಿಕೊಂಡು ಮೈದಾನದ ಆಚೆಗೆ ಹೋದರು. ಹುಡುಗನನ್ನು ಇನ್ನು ಆಟದಲ್ಲೇ ನೋಡುತ್ತಾರೆಂದು ಮಾಸ್ತರರು ಅವರನ್ನು ತಡೆಯಲಿಲ್ಲ.

ಆಟ ಶುರುವಾಯಿತು. ಎದೆಯ ಮಟ್ಟಕ್ಕೆ ಬಂದ ಚೆಂಡನ್ನು ಪಾಂಡ್ಯಾ ಮೊದಲಿನ ಹಾಗೇ ಹಿಡಿದ. ಕೈ ಇನ್ನೂ ಅವೇ ಕೈ. ಆದರೆ ಮೇಲಿನಿಂದ ಒಂದು ಚೆಂಡು ತೇಲುತ್ತ ಬಂತು. ಅವನು ತಲೆ ಎತ್ತಲು ನೋಡಿದ. ಎತ್ತಲಾಗಲಿಲ್ಲ. ಕುತ್ತಿಗೆ ಅಲ್ಲೇ ಹಿಡಿದುಕೊಂಡಿತ್ತು. ಚೆಂಡು ಎಲ್ಲಿದೆ ಎಂದು ಕಾಣದೆ ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸಿದ, ಕುರುಡ ಗೋಡೆ ತಡವುವ ಹಾಗೆ. ಚೆಂಡು ಅವನ ತಲೆಯ ಮೇಲಿನಿಂದ ಹಾದು ಒಳಗೆ ಬಿತ್ತು. ಎದುರಿನ ಹುಡುಗರು ಬಲು ಚೂಟಿ. ಆಮೇಲೆ ಅವರು ಒದ್ದದ್ದೆಲ್ಲ ಎತ್ತರಕ್ಕೇ. ಒಂದಾದ ಮೇಲೆ ಒಂದು ಗೋಲು. ಜನ, "ಟಕಲ್ಯಾ, ಟಕಲ್ಯಾ," ಎಂದು ಬೋಳುತಲೆಯನ್ನು ಹಂಗಿಸಿ ಕುಣಿದರು.

"ಏಳೋ ಪಾಂಡ್ಯಾ! ಮ್ಯಾಲೆ ಏಳೋ!" ಎಂದು ಭೀಮಪ್ಪ ಗೆರೆಯ ಪಕ್ಕದಲ್ಲಿ ಓಡುತ್ತ ಅರಚಿದ. ತಿಂಗಳೆಲ್ಲ ಇಳಿ ಇಳಿ ಎಂದ ಬಾಯಿ ಅದು. ನನಗೆ ಹೋಗಿ ಆ ಬಾಯಿಗೆ ಮಣ್ಣು ತುಂಬಬೇಕೆನಿಸಿತು. ಲಕ್ಷ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಮೈದಾನದ ಆಚೆ ಬದಿಯಲ್ಲಿ, ಆಟದ ಕಡೆ ಬೆನ್ನು ಮಾಡಿ, ಸಾಲ್ವಿ ಸಾಹೇಬರು ಕಾಮಠಿಯ ಆ ಉದ್ದನೆಯ ಹುಡುಗನಿಗೆ ಸಂತ್ರಾ ಎಸೆಯುತ್ತಿದ್ದರು. ಅವನು ಎರಡಕ್ಕೊಂದು ಬಿಡುತ್ತಿದ್ದ. ಸಾಹೇಬರು ಬೇಸರಪಡದೆ ಹೆಕ್ಕಿ ಮತ್ತೆ ಎಸೆಯುತ್ತಿದ್ದರು.

ಆಟ ಮುಗಿದ ಮೇಲೆ ಮಾಸ್ತರರು ಓಡಿ ಹೋಗಿ ಅವರನ್ನು ಕರೆತಂದರು. ಸಾಹೇಬರೇ ಮೊದಲು ಕೇಳಿದರು. 'ಎಲ್ಲಿ ಮಾಸ್ತರ್, ಆ ನಿಮ್ಮ ಹುಡುಗ? ಎತ್ತರದ ಅಪ್ಪನ ಮಗ? ಪಟ್ಟಿಯ ಹತ್ತಿರ ಅವನಿಗಾಗಿಯೇ ಕಾದೆ. ಬರಲೇ ಇಲ್ಲವಲ್ಲ.'

"ಬಂದಿದ್ದ ಸಾಹೇಬ್," ಎಂದರು ಮಾಸ್ತರರು ಹಿಂದಿಯಲ್ಲಿ, ಸೋತ ಮುಖದಲ್ಲೂ ಒಂದಿಷ್ಟು ಹೆಮ್ಮೆ ತಂದುಕೊಂಡು. "ಪಾಸ್ ಆದನಲ್ಲ!"

ಸಾಹೇಬರು ಅವರನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. 'ಪಾಸ್ ಆದವರು ನನಗೆ ಯಾಕೆ? ಐದಡಿಯ ಗೋಲಿಯನ್ನು ಕಟ್ಟಿಕೊಂಡು ಮುಂಬಯಿಯಲ್ಲಿ ಏನು ಮಾಡಲಿ? ನಾನು ಈ ಪಂದ್ಯಕ್ಕೆ ಬರುವುದೇ ಪಟ್ಟಿ ಹೊರಗೆ ಹಾಕಿದ ಹುಡುಗರನ್ನು ಆರಿಸಲು. ಅವರು ಬೆಳೆಯುವವರು. ಆ ಹುಡುಗನ ಕೈ, ಪಾದ, ಅವನಪ್ಪ, ಎಲ್ಲ ನೋಡಿಟ್ಟಿದ್ದೆ. ಅವನ ತಲೆ ತಾಗುತ್ತದೆ, ಅಲ್ಲೇ ಹೆಗಲಿಗೆ ಕೈ ಹಾಕಿ ಕರೆದುಕೊಂಡು ಹೋಗೋಣ ಅಂತ ನಿಂತಿದ್ದೆ.'

ಮಾಸ್ತರರು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ಕೈ ಎತ್ತಿ ಗೋಲುಕಂಬದ ಹತ್ತಿರ ಕೂತಿದ್ದ ಪಾಂಡ್ಯಾನನ್ನು ಕರೆದರು. ಅವನು ಬಂದ, ಗದ್ದ ಎದೆಗೆ ತಾಗಿಸಿಕೊಂಡು. ಸಾಹೇಬರು ಅವನ ಕೈ ಹಿಡಿದು ಅಂಗೈ ಬಿಡಿಸಿ ನೋಡಿದರು. ಮುಖದಿಂದ ಗುರುತಾಗದವನು ಕೈಯಿಂದ ಗುರುತಾದ. ಚೀಲದಿಂದ ಒಂದು ಸಂತ್ರಾ ತೆಗೆದು ಅವನ ತಲೆಯ ಮೇಲೆ ಮೆಲ್ಲಗೆ ಹಾರಿಸಿದರು. ಅದು ಇಳಿದು ಅವನ ಬೋಳು ನೆತ್ತಿಗೆ ಬಡಿದು ನೆಲಕ್ಕೆ ಉರುಳಿತು.

'ಆ ಕಾಮಠಿಯ ಹುಡುಗನಿಗೆ ಮಾತು ಕೊಟ್ಟಾಯಿತು,' ಎಂದರು ಸಾಹೇಬರು. ಭೀಮಪ್ಪ ಮಾಸ್ತರರ ಬೆನ್ನ ಹಿಂದೆ, ರುಮಾಲು ಕೈಯಲ್ಲಿ ಹಿಡಿದು, ಬಗ್ಗಿ ನಿಂತಿದ್ದ. ಸಾಹೇಬರು ಅವನನ್ನು ಗುರುತಿಸಲಿಲ್ಲ. ಹುಡುಗನ ಬೋಳುತಲೆಯ ಗಾಯದ ಮೇಲೆ ಬೆರಳಾಡಿಸಿ, ಬಡಕಲಾದ ಕೆನ್ನೆ ನೋಡಿ, ತಮಗೆ ತಾವೇ ಏನೋ ಅರ್ಥ ಮಾಡಿಕೊಂಡವರಂತೆ ಕೇಳಿದರು.

"ಬಾಪ್ ಗೇಲಾ ಕಾ ರೇ?" ಅಪ್ಪ ಹೋಗಿಬಿಟ್ಟನೇನೋ, ಎಂದು.

ಪಾಂಡ್ಯಾ ತಲೆ ಎತ್ತಲಾರದೆ, ಇಡೀ ಮೈಯನ್ನೇ ತಿರುಗಿಸಿ ಒಮ್ಮೆ ಹಿಂದೆ ನೋಡಿದ. ಅಪ್ಪನನ್ನು ಸರಿಯಾಗಿ ನೋಡಿದ. ಆಮೇಲೆ ಸಾಹೇಬರ ಕಡೆ ತಿರುಗಿದ.

"ಗೇಲಾ," ಎಂದ. ಅಪ್ಪ ಹೋದ, ಎಂದು.

ನನ್ನ ಪಕ್ಕದಲ್ಲಿ ಲಕ್ಷ್ಮವ್ವನ ಕೈ ತಟ್ಟನೆ ತಾಳಿಗೆ ಹೋಯಿತು. ಮಗನ ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಲಿಲ್ಲ, ಬೈಯಲೂ ಇಲ್ಲ. ನೆಲದ ಮೇಲಿನ ಸಂತ್ರಾ ಎತ್ತಿ, ಸುಲಿದು, ಒಂದೊಂದೇ ತೊಳೆಯನ್ನು ಮಗನ ಬಾಯಿಗಿಟ್ಟಳು. ಅವನ ಕೈ ಹಿಡಿದುಕೊಂಡು ಗಂಡನ ಪಕ್ಕದಿಂದಲೇ ಹಾದು ಮನೆಯ ದಾರಿ ಹಿಡಿದಳು. ನಾನೂ ಹೊರಟೆ. ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಾಗ ಭೀಮಪ್ಪ ಅಡ್ಡಪಟ್ಟಿಯ ಬುಡದಲ್ಲಿ ಬಿದ್ದಿದ್ದ ಜೋಳದ ಚೀಲವನ್ನು ಒಬ್ಬನೇ ತಲೆಗೆ ಎತ್ತಿಕೊಳ್ಳುತ್ತಿದ್ದ.